ಸೋರಿಕೆಯ ಚರಿತ್ರೆ

ಹೋದ ದಸರಾಕ್ಕೆ ಊರಿಗೆ ಹೋದಾಗ ಅಪ್ಪನ ಬೈಕಿನ ಮುಂದಿನ ಬ್ರೇಕ್ ಹೋಸ್ ನಾನೇ ಬದಲಾಯಿಸಿದೆ. ಸ್ಪ್ಯಾನರ್ ಇತ್ತು, ವಿಡಿಯೋ ನೋಡಿದ್ದೆ, ಬಿ.ಇ. ಡಿಗ್ರಿ ಬೇರೆ! ಹೊಸ ವಾಷರ್ ಮಾತ್ರ ತಂದಿರಲಿಲ್ಲ. ಹಳೇ ಡಬ್ಬಿಯಲ್ಲಿ ತಾಮ್ರದ್ದು ಎರಡು ಸಿಕ್ಕವು, ಹಾಕಿ ಬಿಗಿ ಮಾಡಿದೆ.

ಮಾರನೇ ದಿನ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೊರಟ ಅಪ್ಪ ಅಂಗಳದಲ್ಲೇ ಲಿವರ್ ಹಿಡಿದು ನೋಡಿದರು. "ಇದೇನೋ, ಬ್ರೇಕು ಹ್ಯಾಂಡಲ್‌ವರೆಗೂ ಮೆತ್ತಗೆ ಬರ್ತಿದೆಯಲ್ಲೋ" ಅಂದರು. ನೆಲದ ಮೇಲೆ ಬ್ರೇಕ್ ಆಯಿಲ್ ಹನಿಗಳು. ನಮ್ಮ ಮನೆ ಮುಂದಿನ ರಸ್ತೆ ನೇರ ಕೆರೆ ಕಡೆಗೆ ಇಳಿಯುತ್ತೆ. ಅವತ್ತು ನನಗೆ ತಿಂಡಿ ಸೇರಲಿಲ್ಲ.

ಆಮೇಲೆ ಓದುತ್ತಾ ಹೋದಾಗ ಗೊತ್ತಾಗಿದ್ದು, ಹೈಡ್ರಾಲಿಕ್ಸ್‌ನ ಇತಿಹಾಸವೇ ಸೋರಿಕೆಯ ಇತಿಹಾಸ ಅಂತ. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತೆ ಎಂದು ಪಾಸ್ಕಲ್ ಹದಿನೇಳನೇ ಶತಮಾನದಲ್ಲೇ ಹೇಳಿದ್ದ. ಅದನ್ನು ಯಂತ್ರವಾಗಿಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದದ್ದು 1795ರಲ್ಲಿ. ತತ್ವ ಸರಿಯಿತ್ತು, ಆದರೆ ಪಿಸ್ಟನ್ ಪಕ್ಕದಿಂದ ನೀರು ನುಗ್ಗುತ್ತಿತ್ತು. ಅದನ್ನು ತಡೆದ ಚರ್ಮದ ಬಟ್ಟಲಿನಂಥ ಸೀಲ್‌ನ ಶ್ರೇಯಸ್ಸನ್ನು ಅವನ ಬಳಿ ಕೆಲಸ ಮಾಡುತ್ತಿದ್ದ ಹೆನ್ರಿ ಮಾಡ್ಸ್ಲೆಗೆ ಕೊಡುತ್ತಾರೆ. ಒತ್ತಡ ಹೆಚ್ಚಿದಷ್ಟೂ ಆ ಚರ್ಮ ಅರಳಿ ಗಟ್ಟಿಯಾಗಿ ಕೂರುತ್ತಿತ್ತು. ನಮ್ಮೂರ ಬೋರಿಂಗ್ ಪಂಪಿನೊಳಗೆ ಇದ್ದದ್ದೂ ಚರ್ಮದ ವಾಷರ್ರೇ. ಅದು ಸವೆದರೆ ಎಷ್ಟು ಹೊಡೆದರೂ ಕೊಡ ತುಂಬುತ್ತಿರಲಿಲ್ಲ.

ವಾಹನದ ಬ್ರೇಕಿಗೆ ಈ ವಿದ್ಯೆ ತಂದವರಲ್ಲಿ ಮುಖ್ಯನಾದವನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. ವಿಮಾನ ಕಟ್ಟಿದ ಅಲನ್ ಲಾಕ್‌ಹೀಡ್ ಇವನ ತಮ್ಮ. 1921ರಲ್ಲಿ ಹೈಡ್ರಾಲಿಕ್ ಬ್ರೇಕಿನ ಡ್ಯೂಸೆನ್‌ಬರ್ಗ್ ಕಾರು ಫ್ರೆಂಚ್ ಗ್ರ್ಯಾಂಡ್ ಪ್ರಿ ಗೆದ್ದಿತು. ಆದರೆ ಲಾಕ್‌ಹೀಡ್‌ನ ಸೀಲ್‌ಗಳೂ ಚರ್ಮದವೇ, ಅವೂ ಸೋರುತ್ತಿದ್ದವು. ಕ್ರೈಸ್ಲರ್‌ನ ಎಂಜಿನಿಯರುಗಳು ರಬ್ಬರ್ ಕಪ್ ಹಾಕಿ ಸುಧಾರಿಸಿದ ಮೇಲೆ, 1924ರಿಂದ ಅದು ಜನರ ಕಾರಿಗೆ ಬಂತು.

ಬೈಕು ಇನ್ನೂ ನಿಧಾನ. 1969ರಲ್ಲಿ ಹೋಂಡಾ ತನ್ನ ಸಿಬಿ750ರ ಮುಂದಿನ ಚಕ್ರಕ್ಕೆ ಹೈಡ್ರಾಲಿಕ್ ಡಿಸ್ಕ್ ಕೊಟ್ಟು ಅದನ್ನು ದೊಡ್ಡ ಸಂಖ್ಯೆಯಲ್ಲಿ ಮಾರಿತು. ಆ ಕಾಲಕ್ಕೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳಿಗೆ ಡ್ರಮ್ ಬ್ರೇಕು, ಮುಂದಕ್ಕೊಂದು ಕೇಬಲ್. ಅದರಲ್ಲಿ ಸೋರೋಕೆ ಏನೂ ಇರಲಿಲ್ಲ!

ಡಿಸ್ಕ್ ಬ್ರೇಕಿನಲ್ಲಿ ಹೋಸ್‌ನ ಎರಡೂ ತುದಿಗೆ ಬ್ಯಾಂಜೋ ವಾದ್ಯದ ಆಕಾರದ ಒಂದೊಂದು ಉಂಗುರ. ಅದರೊಳಗೆ ಟೊಳ್ಳು ಬೋಲ್ಟ್, ಉಂಗುರದ ಆಚೆಗೊಂದು ಈಚೆಗೊಂದು ವಾಷರ್. ಜೋರಾಗಿ ಬ್ರೇಕ್ ಹಿಡಿದಾಗ ಒಳಗಿನ ಒತ್ತಡ ಟೈರಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚು. ಅಷ್ಟನ್ನೂ ಈ ತಾಮ್ರ ಅಥವಾ ಅಲ್ಯೂಮಿನಿಯಂ ಬಿಲ್ಲೆ ತಡೆಯೋದು ತಾನು ಮೆತ್ತಗಿರುವುದರಿಂದಲೇ. ಬಿಗಿ ಮಾಡಿದಾಗ ಅದು ನಜ್ಜಾಗಿ, ಕಣ್ಣಿಗೆ ಕಾಣದ ಗೀರುಗಳನ್ನೂ ತುಂಬುತ್ತೆ. ಒಮ್ಮೆ ನಜ್ಜಾದ ತಾಮ್ರ ಗಡಸಾಗುತ್ತೆ, ಎರಡನೇ ಸಲ ಅದೇ ಕೆಲಸ ನೆಚ್ಚಿಕೊಳ್ಳೋಕಾಗಲ್ಲ.

ನಾನು ಹಾಕಿದ್ದು ಎಂಜಿನ್ ಆಯಿಲ್ ಡ್ರೈನ್ ಬೋಲ್ಟಿನ ಹಳೇ ವಾಷರ್, ತೂತು 12 ಮಿ.ಮೀ. ಬ್ರೇಕಿನ ಬೋಲ್ಟ್ 10 ಮಿ.ಮೀ. ಸಹಜವಾಗಿ ಒಂದು ಪಕ್ಕಕ್ಕೆ ಸರಿದು ಕೂತಿತ್ತು. ಹೆಚ್ಚಿನ ಬೈಕುಗಳಿಗೆ 10ರದ್ದೇ ಆಗುತ್ತೆ. ಬೋಲ್ಟಿನ ಮರೆ 1.0 ಇರಲಿ 1.25 ಇರಲಿ, ವಾಷರ್‌ಗೆ ವ್ಯತ್ಯಾಸವಿಲ್ಲ. ಆದರೂ ಬೋಲ್ಟನ್ನೇ ಅಂಗಡಿಗೆ ಒಯ್ದು ತೂರಿಸಿ ನೋಡಿ: ಸಲೀಸಾಗಿ ಇಳಿಯಬೇಕು, ಅಲ್ಲಾಡಬಾರದು. ಹಳೆಯದರಷ್ಟೇ ದಪ್ಪ, ಅಷ್ಟೇ ಅಗಲ ಇರಲಿ. ಬಿಗಿ ಎಷ್ಟಿರಬೇಕು ಅಂತ ಸರ್ವಿಸ್ ಮ್ಯಾನುವಲ್‌ನಲ್ಲಿರುತ್ತೆ, ಕೈಯಂದಾಜು ಬೇಡ.

ತಾಲ್ಲೂಕಿಗೆ ಬಸ್ಸಲ್ಲಿ ಹೋಗಿ ನಾಲ್ಕು ಹೊಸ ವಾಷರ್ ತಂದೆ. ಹಾಕಿ, ಗಾಳಿ ತೆಗೆದು, ಲಿವರನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೆಲ ಒಣಗಿತ್ತು. ಅಪ್ಪ ಏನೂ ಹೇಳಲಿಲ್ಲ. ಅಂಗಳದಲ್ಲಿ ಮೂರು ಸಲ ಬ್ರೇಕ್ ಹಿಡಿದು ನೋಡಿ, ಕ್ಯಾನ್ ಕಟ್ಟಿಕೊಂಡು ಹೊರಟರು. ಡೇರಿಯಿಂದ ವಾಪಸ್ ಬರುವವರೆಗೂ ನಾನು ಗೇಟಿನ ಹತ್ತಿರವೇ ನಿಂತಿದ್ದೆ.