ರೇಡಿಯೊ 31 ವರ್ಷ ಹೊರಗಿಟ್ಟ ಪೇಟಿ ಊರಲ್ಲಿ ಉಳಿದದ್ದು ಹೇಗೆ?

ಮೊನ್ನೆ ಅಕ್ಕನ ಮಗ ಫೋನಿನಲ್ಲಿ ಹಳೇ ಹಿಂದಿ ಸಿನಿಮಾ ಹಾಡು ನೋಡುತ್ತಿದ್ದ. 1964ರ ‘ಸಂಗಮ್’ ಚಿತ್ರದ್ದು. ರಾಜ್ ಕಪೂರ್ ಎದೆಯ ಮೇಲೆ ದೊಡ್ಡದೊಂದು ಪೆಟ್ಟಿಗೆ ತೂಗುಹಾಕಿಕೊಂಡು, ಅದನ್ನು ಎಳೆದು ಒತ್ತಿ ಹಾಡುತ್ತಾನೆ.

“ಮಾಮಾ, ಇವಾ ಎದಿಗೆ ಪೇಟಿ ಯಾಕ ಕಟ್ಕೊಂಡಾನ?” ಅಂದ ಹುಡುಗ.

ಅದು ಅಕಾರ್ಡಿಯನ್. ಆದರೆ ಅವನು ಕೇಳಿದ್ದೇನೂ ತಪ್ಪಲ್ಲ. ನಮ್ಮ ಭಜನಾ ಮಂದಿರದಲ್ಲಿರುವ ಪೇಟಿ ಮತ್ತು ಆ ಅಕಾರ್ಡಿಯನ್ ಒಂದೇ ಮನೆತನದವು. ಅದು ಅಣ್ಣ, ಇದು ತಮ್ಮ. ಬೆಳಗಾವಿ, ಧಾರವಾಡ ಕಡೆ ನಾವು ಪೇಟಿ ಅನ್ನುವುದನ್ನೇ ಮಂಡ್ಯ, ತುಮಕೂರು ಕಡೆಯವರು ಹಾರ್ಮೋನಿಯಂ ಅನ್ನುತ್ತಾರೆ. ಈ ತಮ್ಮನನ್ನು ನಮ್ಮ ದೇಶದ ಆಕಾಶವಾಣಿ ಒಂದಲ್ಲ ಎರಡಲ್ಲ, 31 ವರ್ಷ ಬಾಗಿಲ ಹೊರಗೆ ನಿಲ್ಲಿಸಿತ್ತು. ಆ ಕಥೆ ನಮ್ಮೂರುಗಳಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ.

ಒಂದು ಹಿತ್ತಾಳೆ ನಾಲಿಗೆ

ಪೇಟಿ ಬಿಚ್ಚಿ ನೋಡಿದರೆ ಒಳಗೆ ಸಾಲಾಗಿ ಹಿತ್ತಾಳೆಯ ಸಣ್ಣ ಪಟ್ಟಿಗಳು ಕಾಣುತ್ತವೆ. ಪ್ರತಿ ಪಟ್ಟಿಯಲ್ಲೂ ತೆಳ್ಳಗಿನ ಒಂದು ನಾಲಿಗೆ. ಅದರ ಒಂದು ತುದಿ ಬಿಗಿದಿರುತ್ತದೆ, ಇನ್ನೊಂದು ತುದಿ ಸಡಿಲ. ತಿದಿಯಿಂದ ಬಂದ ಗಾಳಿ ಅಲ್ಲಿ ನುಗ್ಗಿದಾಗ ನಾಲಿಗೆ ನಡುಗಿ ಸ್ವರ ಹುಟ್ಟುತ್ತದೆ. ಇದನ್ನೇ ರೀಡು ಅನ್ನುವುದು. ನಾಲಿಗೆಯ ತುದಿಯನ್ನು ಸ್ವಲ್ಪ ಅರದಿಂದ ಉಜ್ಜಿದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಪೇಟಿ ರಿಪೇರಿ ಮಾಡುವವರ ವಿದ್ಯೆಯಲ್ಲಿ ದೊಡ್ಡ ಪಾಲು ಇದೇ.

ಈ ಉಪಾಯ ಯುರೋಪಿನವರ ಸ್ವಂತದ್ದಲ್ಲ. ಚೀನಾದಲ್ಲಿ ‘ಶೆಂಗ್’ ಎಂಬ ಬಾಯಿಂದ ಊದುವ ಬಿದಿರಿನ ವಾದ್ಯ ಸಾವಿರಾರು ವರ್ಷಗಳಿಂದ ಇದೆ. ಅದರೊಳಗೂ ಇಂಥದೇ ನಾಲಿಗೆ. 18ನೇ ಶತಮಾನದಲ್ಲಿ ಪೆಕಿಂಗ್‌ನಲ್ಲಿದ್ದ ಅಮಿಯೊ ಎಂಬ ಫ್ರೆಂಚ್ ಪಾದ್ರಿ ಶೆಂಗ್‌ಗಳನ್ನು ಪ್ಯಾರಿಸ್‌ಗೆ ಕಳಿಸಿದ. ಅಲ್ಲಿಂದಾಚೆ ಯುರೋಪಿನ ವಾದ್ಯ ತಯಾರಕರಿಗೆ ಈ ನಾಲಿಗೆಯ ಹುಚ್ಚು ಹತ್ತಿತು.

1829ರ ಮೇ ತಿಂಗಳಲ್ಲಿ ವಿಯೆನ್ನಾ ನಗರದ ಸಿರಿಲ್ ಡೆಮಿಯನ್ ತನ್ನ ಇಬ್ಬರು ಮಕ್ಕಳೊಡನೆ ‘ಅಕಾರ್ಡಿಯನ್’ ಎಂಬ ಸಣ್ಣ ಪೆಟ್ಟಿಗೆಗೆ ಪೇಟೆಂಟ್ ಪಡೆದ. ಡೆಮಿಯನ್ ಅರ್ಮೇನಿಯಾ ಮೂಲದವನು, ಆರ್ಗನ್ ಮತ್ತು ಪಿಯಾನೊ ಮಾಡುವ ಕಸುಬಿನವನು. ಅವನ ಅರ್ಜಿಯಲ್ಲಿದ್ದ ಎರಡು ಮಾತು ಗಮನಿಸಬೇಕು. ಪ್ರಯಾಣ ಮಾಡುವವರು ಇದನ್ನು ಸುಲಭವಾಗಿ ಒಯ್ಯಬಹುದು. ಸಂಗೀತದಲ್ಲಿ ಪಳಗದವರೂ ಸ್ವಲ್ಪ ಅಭ್ಯಾಸದಿಂದ ನುಡಿಸಬಹುದು. ಅಂದರೆ ಇದು ದೊಡ್ಡ ವಿದ್ವಾಂಸರಿಗಲ್ಲ, ಸಾಮಾನ್ಯರಿಗೆ ಎಂದೇ ಹುಟ್ಟಿದ ವಾದ್ಯ. ಹಾಗೆಯೇ ಆಯಿತು. ಹಡಗಿನವರು, ಗಣಿ ಕಾರ್ಮಿಕರು, ವಲಸೆ ಹೋದವರು ಅದನ್ನು ಹೊತ್ತುಕೊಂಡು ದೇಶದೇಶ ಸುತ್ತಿದರು.

1840ರ ದಶಕದ ಆರಂಭದಲ್ಲಿ ಪ್ಯಾರಿಸ್‌ನ ಅಲೆಕ್ಸಾಂಡರ್ ಡೆಬೇನ್ ಇದೇ ನಾಲಿಗೆಯಿಂದ ಮೇಜಿನಷ್ಟು ದೊಡ್ಡ ವಾದ್ಯ ಮಾಡಿ ‘ಹಾರ್ಮೋನಿಯಂ’ ಎಂದು ಹೆಸರಿಟ್ಟ. ಕುರ್ಚಿಯಲ್ಲಿ ಕೂತು, ಕಾಲಿನಿಂದ ತಿದಿ ಒತ್ತಿ, ಎರಡೂ ಕೈಯಿಂದ ನುಡಿಸಬೇಕು. ಪಾದ್ರಿಗಳು ಮತ್ತು ವ್ಯಾಪಾರಿಗಳ ಜೊತೆ ಅದು ಹಡಗು ಹತ್ತಿ ನಮ್ಮ ದೇಶಕ್ಕೆ ಬಂತು.

ನೆಲದ ಮೇಲೆ ಕೂತ ಪೇಟಿ

ನಮ್ಮವರು ಹಾಡುವುದು ನೆಲದ ಮೇಲೆ ಕೂತು. ಒಂದು ಹೊತ್ತಿಗೆ ಒಂದು ಸ್ವರ ಸಾಕು, ಹಲವು ಸ್ವರ ಒಟ್ಟಿಗೆ ಒತ್ತುವ ಪದ್ಧತಿ ನಮ್ಮಲ್ಲಿಲ್ಲ. ಹಾಗಿದ್ದ ಮೇಲೆ ಎರಡೂ ಕೈ ಯಾಕೆ ಬೇಕು? ಒಂದು ಕೈ ತಿದಿಗೆ, ಒಂದು ಕೈ ಸ್ವರಕ್ಕೆ ಸಾಕಲ್ಲ?

19ನೇ ಶತಮಾನದ ಕೊನೆಯ ದಶಕಗಳಲ್ಲಿ ಕಲ್ಕತ್ತಾದ ದ್ವಾರಕಾನಾಥ ಘೋಷ್ ಇದನ್ನೇ ಮಾಡಿದರು. ‘ದ್ವಾರ್ಕಿನ್’ ಅವರ ಅಂಗಡಿಯ ಹೆಸರು. ಕಾಲು ತೆಗೆದು, ತಿದಿಯನ್ನು ಹಿಂದಕ್ಕೆ ಕೂರಿಸಿ, ಪೇಟಿಯನ್ನು ನೆಲಕ್ಕೆ ಇಳಿಸಿದರು. ಒಂದೇ ಸ್ವರ ಸತತವಾಗಿ ನುಡಿಯುವಂತೆ ಸುರ್ ಹಿಡಿಯುವ ಗುಬುಟುಗಳೂ ಸೇರಿಕೊಂಡವು. ಮೊದಲು ರೀಡುಗಳು ಜರ್ಮನಿ, ಫ್ರಾನ್ಸಿನಿಂದ ಬರುತ್ತಿದ್ದವು. ಆಮೇಲೆ ಗುಜರಾತಿನ ಪಾಲಿತಾಣಾದಲ್ಲಿ ನಮ್ಮವರೇ ಮಾಡತೊಡಗಿದರು. ಹೊರಗಿನಿಂದ ಬಂದ ಪೆಟ್ಟಿಗೆ ಹೀಗೆ ಹೊಸ ರೂಪ ತಾಳಿತು. 

ಓದಲು ಬಾರದವರಿಗೂ ಹಾಡು ಕಲಿಸಿದವರು

ಪೇಟಿ ನಮ್ಮೂರಿಗೆ ಬಂದದ್ದು ಬಹುಪಾಲು ನಾಟಕದ ಬೆನ್ನು ಹತ್ತಿ. 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರ್ ಮರಾಠಿಯಲ್ಲಿ ‘ಶಾಕುಂತಲ’ ಸಂಗೀತ ನಾಟಕ ಆಡಿಸಿದರು. ಅವರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1884ರಲ್ಲಿ ಗುಬ್ಬಿ ಕಂಪನಿ ಶುರುವಾಯಿತು. ಮುಂದೆ ಶಿರಹಟ್ಟಿ, ಗದಗ, ಹುಬ್ಬಳ್ಳಿ ಕಡೆಯ ಕಂಪನಿಗಳು ಊರೂರು ತಿರುಗಿದವು. ಮೈಕ್ ಇಲ್ಲದ ಕಾಲ. ಸಾವಿರ ಜನರ ಗದ್ದಲದಲ್ಲಿ ನಟನಿಗೆ ಸುರ್ ಕೇಳಿಸಬೇಕಾದರೆ ಗಟ್ಟಿ ದನಿಯ ವಾದ್ಯವೇ ಬೇಕು. ಆ ಕೆಲಸಕ್ಕೆ ಕಾಲಿನಿಂದ ಒತ್ತುವ ಲೆಗ್ ಹಾರ್ಮೋನಿಯಂ ಹೇಳಿ ಮಾಡಿಸಿದಂತಿತ್ತು.

ಕಂಪನಿ ಬಿಟ್ಟವರು, ಕಂಪನಿ ಮುಚ್ಚಿ ಕೆಲಸ ಕಳಕೊಂಡವರು ಊರುಗಳಲ್ಲಿ ನೆಲೆಸಿ ಪೇಟಿ ಮಾಸ್ತರರಾದರು. ಹಳೇ ಮೈಸೂರು ಕಡೆ ಇವತ್ತಿಗೂ ಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಆಡಬೇಕಾದರೆ ಮೊದಲು ಹುಡುಕುವುದು ಹಾರ್ಮೋನಿಯಂ ಮೇಷ್ಟ್ರನ್ನು. ಅವರು ತಿಂಗಳುಗಟ್ಟಲೆ ರಾತ್ರಿ ಬಂದು ತಾಲೀಮು ನಡೆಸುತ್ತಾರೆ. ಹೊಲದ ಕೆಲಸ ಮುಗಿಸಿ ಬಂದ ದುರ್ಯೋಧನನಿಗೆ, ಅಂಗಡಿ ಬಾಗಿಲು ಹಾಕಿ ಬಂದ ಕೃಷ್ಣನಿಗೆ ಸಾಲುಸಾಲಾಗಿ ಹಾಡು ಕಲಿಸುತ್ತಾರೆ. ಓದಲು ಬಾರದವನಿಗೂ ಕಂದ, ಸೀಸ ಪದ್ಯ ಬಾಯಿಗೆ ಬರುತ್ತದೆ. ನಿನ್ನ ದನಿ ಕರಿ ಎರಡೋ ಬಿಳಿ ನಾಲ್ಕೋ ಎಂದು ಮೊದಲ ದಿನವೇ ಹೇಳಿಬಿಡುವವರು ಅವರು. ಅಂದರೆ ಯಾವ ಮನೆಯಿಂದ ಸಾ ಹಿಡಿದರೆ ಈ ಗಂಟಲಿಗೆ ಒಗ್ಗುತ್ತದೆ ಎಂಬ ಲೆಕ್ಕ.

1940ರ ಮಾರ್ಚ್ 1

ಇತ್ತ ಊರಲ್ಲಿ ಹೀಗೆ ನಡೆದಿರುವಾಗ ಅತ್ತ ದೆಹಲಿಯಲ್ಲಿ ಪೇಟಿಯ ಮೇಲೆ ದೂರು ಏರುತ್ತಿತ್ತು. ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಸಂಗೀತಗಾರ ಜಾನ್ ಫೌಲ್ಡ್ಸ್ 1938ರಲ್ಲಿ ಅದರ ವಿರುದ್ಧ ಖಾರವಾಗಿ ಬರೆದರು. ರವೀಂದ್ರನಾಥ ಠಾಗೋರರಿಗೂ ಪೇಟಿ ಹಿಡಿಸುತ್ತಿರಲಿಲ್ಲ. ಅದನ್ನು ರೇಡಿಯೊದಿಂದ ತೆಗೆಯಿರಿ ಎಂದು 1940ರ ಜನವರಿಯಲ್ಲಿ ಕಲ್ಕತ್ತಾ ಕೇಂದ್ರಕ್ಕೆ ಬರೆದರು. ಆಗ ಆಕಾಶವಾಣಿಯ ಮುಖ್ಯಸ್ಥರಾಗಿದ್ದವರು ಲಯನೆಲ್ ಫೀಲ್ಡೆನ್. 1940ರ ಮಾರ್ಚ್ 1ರಿಂದ ರೇಡಿಯೊದಲ್ಲಿ ಪೇಟಿ ನಿಷೇಧವಾಯಿತು.

ಅವರ ದೂರಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ನಮ್ಮ ಸಂಗೀತದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಇದೆ, ಸ್ವರವನ್ನು ತೂಗುವ ಗಮಕ ಇದೆ. ಪೇಟಿಯ ಮನೆಗಳು ಮೆಟ್ಟಿಲಿದ್ದಂತೆ. ಈ ಮೆಟ್ಟಿಲಿಂದ ಆ ಮೆಟ್ಟಿಲಿಗೆ ಕಾಲಿಡಬಹುದು, ಜಾರಲು ಬರುವುದಿಲ್ಲ. ಜೊತೆಗೆ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಯುರೋಪಿನ ಲೆಕ್ಕ ನಮ್ಮ ಸೂಕ್ಷ್ಮ ಶ್ರುತಿಗಳಿಗೆ ಹೊಂದುವುದಿಲ್ಲ. ಇದನ್ನು ಸರಿಪಡಿಸಲೆಂದೇ 20ನೇ ಶತಮಾನದ ಆರಂಭದಲ್ಲಿ ಸಾಂಗ್ಲಿಯ ದೇವಲ್ ಅವರು ಬ್ರಿಟಿಷ್ ಅಧಿಕಾರಿ ಕ್ಲೆಮೆಂಟ್ಸ್ ಜೊತೆಗೂಡಿ ಶ್ರುತಿ ಹಾರ್ಮೋನಿಯಂ ಮಾಡಿಸಿದ್ದರು. ಅದು ಹೆಚ್ಚು ಹಬ್ಬಲಿಲ್ಲ.

ಮೂರನೇ ದೂರು ಒಂದಿತ್ತು. ಇದು ವಿದೇಶಿ ವಸ್ತು ಎಂಬುದು. ಪಿಟೀಲು ಕೂಡ ಯುರೋಪಿನಿಂದಲೇ ಬಂದದ್ದು. ಅದಕ್ಕೆ ಈ ದೂರು ತಟ್ಟಲಿಲ್ಲ, ಯಾಕೆಂದರೆ ತಂತಿಯ ಮೇಲೆ ಬೆರಳು ಜಾರುತ್ತದೆ.

ಸ್ವಾತಂತ್ರ್ಯ ಬಂತು, ನಿಷೇಧ ಹೋಗಲಿಲ್ಲ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾಯಿತು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರಂಥವರ ಊರು ಅದು. ಅವರ ಕಛೇರಿಗಳಲ್ಲಿ ಪೇಟಿ ಪಕ್ಕದಲ್ಲೇ ಇರುತ್ತಿತ್ತು. ಆದರೆ ರೇಡಿಯೊ ಸ್ಟುಡಿಯೊದ ಬಾಗಿಲಲ್ಲಿ ಅದಕ್ಕೆ ತಡೆ. ರಾಜ ಮಹಾರಾಜರ ಆಶ್ರಯ ತಪ್ಪಿದ ಆ ದಿನಗಳಲ್ಲಿ ಕಲಾವಿದರಿಗೆ ರೇಡಿಯೊ ಎಂದರೆ ಸಂಬಳ, ಹೆಸರು ಎರಡೂ. ಪೇಟಿ ನುಡಿಸುವವರಿಗೆ ಆ ಎರಡೂ ಇಲ್ಲವಾದವು.

1970ರಲ್ಲಿ ಆಕಾಶವಾಣಿಯೇ ಈ ಬಗ್ಗೆ ಒಂದು ವಿಚಾರ ಸಂಕಿರಣ ಕರೆಯಿತು. 1971ರಲ್ಲಿ ನಿಷೇಧ ಸಡಿಲವಾಯಿತು. ಅದೂ ಪೂರ್ತಿ ಅಲ್ಲ. ಹಾಡುಗಾರರಿಗೆ ಸಾಥ್ ಕೊಡಲು ಒಪ್ಪಿದರು. ಪೇಟಿಯನ್ನೇ ಮುಂದಿಟ್ಟು ನುಡಿಸುವ ಸೋಲೊ ಕಾರ್ಯಕ್ರಮಕ್ಕೆ ಮತ್ತೂ ದಶಕಗಳ ಕಾಲ ಕಾಯಬೇಕಾಯಿತು.

ಆ ವರ್ಷಗಳಲ್ಲಿ ಕಲಿಸಿದ್ದು ಯಾರು?

ರೇಡಿಯೊ ಬೇಡವೆಂದರೂ ಪೇಟಿ ಸಾಯಲಿಲ್ಲ. ಕಲಿಸುವವರು ಇದ್ದರು ಎನ್ನುವುದೇ ಅದಕ್ಕೆ ಕಾರಣ.

1917ರಲ್ಲಿ ಕಾಗವಾಡದಲ್ಲಿ ಹುಟ್ಟಿದ ರಾಮಭಾವು ಬಿಜಾಪುರೆ ಅವರನ್ನು ನೋಡಿ. ನಾಟಕ ಕಂಪನಿಯಲ್ಲಿ ಆರ್ಗನ್ ನುಡಿಸಿದವರು. ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ವಿದ್ಯಾಲಯ ತೆರೆದು, ನಿಷೇಧದ ಅಷ್ಟೂ ವರ್ಷ ಮತ್ತು ಅದರಾಚೆಗೂ ಮಕ್ಕಳಿಗೆ ಪೇಟಿ ಕಲಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಪುಟ್ಟರಾಜರ ಪೇಟಿ ಕೇಳಿದವರು ಇವತ್ತೂ ಅದನ್ನು ನೆನೆಯುತ್ತಾರೆ. ದೆಹಲಿಯವರು ದೋಷ ಎಂದು ಕಂಡ ಮೆಟ್ಟಿಲುಗಳು ಕಣ್ಣಿಲ್ಲದ ಮಗುವಿಗೆ ಆಸರೆ. ಕರಿ ಮನೆ ಎತ್ತರ, ಬಿಳಿ ಮನೆ ತಗ್ಗು. ಬೆರಳಿಗೇ ದಾರಿ ತಿಳಿಯುತ್ತದೆ, ಒತ್ತಿದ ಸ್ವರ ಇದ್ದಲ್ಲೇ ಇರುತ್ತದೆ.

ಪುಟ್ಟರಾಜ ಗವಾಯಿಗಳು 2010ರ ಸೆಪ್ಟೆಂಬರ್‌ನಲ್ಲಿ, ಬಿಜಾಪುರೆ ಮಾಸ್ತರರು ಅದೇ ವರ್ಷದ ನವೆಂಬರ್‌ನಲ್ಲಿ ತೀರಿಕೊಂಡರು. ಎರಡು ತಿಂಗಳಲ್ಲಿ ಒಂದು ಕಾಲವೇ ಮುಗಿದಂತಾಯಿತು.

ಅಣ್ಣ ಯಾಕೆ ಊರಿಗೆ ಬರಲಿಲ್ಲ?

ಅಕ್ಕನ ಮಗನ ಮುಂದಿನ ಪ್ರಶ್ನೆ ಇದೇ. ಅಕಾರ್ಡಿಯನ್ ನಮ್ಮಲ್ಲಿ ಯಾಕಿಲ್ಲ?

ಮುಂಬಯಿ ಸಿನಿಮಾ ಸ್ಟುಡಿಯೊಗಳಲ್ಲಿ ಅದು ಚೆನ್ನಾಗಿಯೇ ಬಾಳಿತು. ಗುಡಿ ಸೀರ್ವಾಯಿ, ಈನಾಕ್ ಡೇನಿಯಲ್ಸ್, ಕೇರ್ಸಿ ಲಾರ್ಡ್ ಅಂಥವರು ನುಡಿಸಿದರು. 1969ರ ‘ಆರಾಧನಾ’ ಚಿತ್ರದ ಮಳೆಯ ರಾತ್ರಿಯ ಹಾಡಿನಲ್ಲಿ ಕೇಳುವುದು ಕೇರ್ಸಿ ಲಾರ್ಡ್ ಅವರ ಅಕಾರ್ಡಿಯನ್.

ಪೇಟಿ ಬಲ್ಲವರಿಗೆ ಅದರ ಬಲಗೈ ಕೆಲಸ ಅರ್ಧ ಬಂದಂತೆಯೇ. ಎಡಗೈಯದೇ ಕಷ್ಟ. ಪೂರ್ಣ ಗಾತ್ರದ ಅಕಾರ್ಡಿಯನ್‌ನ ಎಡಗಡೆ 120 ಗುಂಡಿಗಳಿರುತ್ತವೆ, ನುಡಿಸುವವನಿಗೆ ಒಂದೂ ಕಾಣುವುದಿಲ್ಲ. ಒಂದೆರಡು ಗುಂಡಿಗೆ ಮಾತ್ರ ಸಣ್ಣ ಗುಳಿ ಇರುತ್ತದೆ, ಅದನ್ನು ಬೆರಳಿನಿಂದ ತಡವಿ ಉಳಿದದ್ದನ್ನು ಲೆಕ್ಕ ಹಾಕಬೇಕು. ನಮ್ಮ ಪೇಟಿಯೊಳಗೆ ಗಾಳಿ ಸಂಗ್ರಹಿಸುವ ಇನ್ನೊಂದು ತಿದಿ ಇದೆ, ಹಾಗಾಗಿ ಕೈ ಸ್ವಲ್ಪ ತಪ್ಪಿದರೂ ದನಿ ನಡೆಯುತ್ತದೆ. ಅಕಾರ್ಡಿಯನ್‌ನಲ್ಲಿ ಆ ಉಳಿತಾಯವಿಲ್ಲ. ತೋಳು ನಿಂತರೆ ದನಿಯೂ ನಿಂತಿತು. ಹತ್ತು ಕಿಲೋ ಮೀರುವ ಭಾರ, ದುಬಾರಿ ಬೆಲೆ, ನಮ್ಮ ಹಾಡಿಗೆ ಬೇಡವಾದ ಎಡಗೈ ಗುಂಡಿಗಳು. ಎಲ್ಲಕ್ಕಿಂತ ಮುಖ್ಯವಾಗಿ, ಊರಲ್ಲಿ ಕಲಿಸುವ ಮಾಸ್ತರರಿರಲಿಲ್ಲ. ತಮ್ಮನಿಗೆ ಅವರು ಸಿಕ್ಕರು, ಅಣ್ಣನಿಗೆ ಸಿಗಲಿಲ್ಲ.

ಈಗ ಯಾವ ನಿಷೇಧವೂ ಇಲ್ಲ

ಇವತ್ತು ಪೇಟಿಗೆ ಯಾವ ಸರಕಾರದ ತಡೆಯೂ ಇಲ್ಲ. ಠಾಗೋರರ ಹಾಡುಗಳನ್ನೇ ಬಂಗಾಳಿಗಳು ಪೇಟಿ ಇಟ್ಟುಕೊಂಡು ಹಾಡುತ್ತಾರೆ. ಆದರೂ ನಮ್ಮ ಭಜನಾ ಮಂದಿರಗಳಲ್ಲಿ ಅದು ಬಟ್ಟೆಯೊಳಗೆ ಮಲಗಿದೆ. ಜಾತ್ರೆಯ ವೇದಿಕೆಯಲ್ಲಿ ಕರೆಂಟಿನ ಕೀಬೋರ್ಡ್ ಬಂದಿದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ, ಒಂದು ಕಾಲಕ್ಕೆ ಪೇಟಿಯೂ ಹೊಸದೇ ಆಗಿತ್ತು.

ನನಗೆ ಚಿಂತೆ ಪೇಟಿಯದಲ್ಲ, ಮಾಸ್ತರರದು. ತಿದಿ ಹರಿದರೆ ಚರ್ಮ ಅಂಟಿಸಬಹುದು, ರೀಡು ಹೋದರೆ ಪಾಲಿತಾಣಾದ್ದು ತರಿಸಬಹುದು. ಆದರೆ ನಾಟಕದ ನೂರಾರು ಮಟ್ಟುಗಳು, ಯಾವ ಪಾತ್ರಕ್ಕೆ ಯಾವ ರಾಗ, ಬೆಳಗಿನ ಜಾವದ ಪದ ಎಲ್ಲಿಂದ ಎತ್ತಬೇಕು ಎಂಬುದೆಲ್ಲ ಅವರ ತಲೆಯಲ್ಲಷ್ಟೇ ಇದೆ. ಬಹಳಷ್ಟು ಕಡೆ ಎಲ್ಲೂ ಬರೆದಿಲ್ಲ. 31 ವರ್ಷದ ನಿಷೇಧ ಅಳಿಸಲಾಗದ್ದನ್ನು ನಮ್ಮ ಮರೆವು ಅಳಿಸೀತು.

ನಿಮ್ಮೂರಿನಲ್ಲಿ ವಯಸ್ಸಾದ ಪೇಟಿ ಮಾಸ್ತರರಿದ್ದರೆ ಈ ವಾರ ಹೋಗಿ ಮಾತಾಡಿಸಿ. ಅವರು ಒಪ್ಪಿದರೆ ನಿಮ್ಮ ಕೈಯಲ್ಲಿರುವ ಇದೇ ಫೋನಿನಲ್ಲಿ ನಾಲ್ಕು ಪದ ರೆಕಾರ್ಡ್ ಮಾಡಿ. ಯಾರ ಹತ್ತಿರ ಕಲಿತರು, ಯಾವ ಕಂಪನಿಯಲ್ಲಿದ್ದರು ಎಂದು ಕೇಳಿ ಬರೆದಿಡಿ. ಆಗುವುದಾದರೆ ಮನೆಯ ಮಗುವೊಂದನ್ನು ಅವರ ಮುಂದೆ ಕೂರಿಸಿ.

ಅಕ್ಕನ ಮಗನನ್ನು ನಾನೂ ಕರೆದೊಯ್ದೆ. ಒಂದು ವಾರವಾಯಿತು. ಮಾಸ್ತರರು ಇನ್ನೂ ಸಾ ಬಿಟ್ಟು ಮುಂದಕ್ಕೆ ಹೋಗಲು ಬಿಟ್ಟಿಲ್ಲ.