ಕಮಲಾದೇವಿ ಸೋತ ಚುನಾವಣೆ

ಕಮಲಾದೇವಿ ಚಟ್ಟೋಪಾಧ್ಯಾಯ ಎಂದೊಡನೆ ನಮಗೆ ನೆನಪಾಗುವುದು ಕೈಮಗ್ಗ, ಕರಕುಶಲ ಕಲೆ, ರಂಗಭೂಮಿ. ಸ್ವಾತಂತ್ರ್ಯ ಹೋರಾಟದ ಚರಿತ್ರೆ ಓದಿದವರಿಗೆ ಉಪ್ಪಿನ ಸತ್ಯಾಗ್ರಹವೂ ನೆನಪಾದೀತು. ಆದರೆ ಅದಕ್ಕೂ ಮೊದಲು, ತಮ್ಮ 23ನೆಯ ವಯಸ್ಸಿನಲ್ಲಿ, ಅವರು ಮಂಗಳೂರಿನಿಂದ ಮದ್ರಾಸ್ ಶಾಸನ ಸಭೆಗೆ ಸ್ಪರ್ಧಿಸಿ ಸೋತಿದ್ದರು ಎಂಬ ಸಂಗತಿ ನಮ್ಮಲ್ಲಿ ಹೆಚ್ಚು ಮಾತಿಗೆ ಬರುವುದಿಲ್ಲ. ಆ ಚುನಾವಣೆ ನಡೆದದ್ದು 1926ರಲ್ಲಿ. 2026ಕ್ಕೆ ಅದಕ್ಕೆ ನೂರು ವರ್ಷ. ಭಾರತದಲ್ಲಿ ಶಾಸನ ಸಭೆಯ ಸ್ಥಾನಕ್ಕಾಗಿ ಜನರ ಮುಂದೆ ನಿಂತು ಮತ ಕೇಳಿದ ಮೊದಲ ಮಹಿಳೆಯರ ಸಾಲಿನಲ್ಲಿ ನಮ್ಮ ಕರಾವಳಿಯ ಈ ಹೆಣ್ಣುಮಗಳ ಹೆಸರು ಮುಂದೆ ನಿಲ್ಲುತ್ತದೆ.

ಮಂಗಳೂರಿನವರು ಮದ್ರಾಸಿಗೆ ಏಕೆ ಸ್ಪರ್ಧಿಸಿದರು ಎಂದು ಇಂದಿನ ಮಕ್ಕಳು ಕೇಳಬಹುದು. 1956ರಲ್ಲಿ ಭಾಷಾವಾರು ಪ್ರಾಂತಗಳು ರೂಪುಗೊಳ್ಳುವವರೆಗೂ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಆಡಳಿತಕ್ಕೆ ಸೇರಿತ್ತು. ಜಿಲ್ಲೆಯ ಕಾನೂನು ಕಾಯಿದೆಗಳೆಲ್ಲ ಆಗುತ್ತಿದ್ದದ್ದು ಅಲ್ಲಿಯೇ.

ಕಮಲಾದೇವಿಯವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ. ಹದಿಹರೆಯದಲ್ಲೇ ಮದುವೆಯಾಯಿತು, ಎರಡೇ ವರ್ಷಗಳಲ್ಲಿ ಪತಿ ತೀರಿಕೊಂಡರು. ಆ ಕಾಲದಲ್ಲಿ ಬಾಲವಿಧವೆಯ ಬದುಕು ಮನೆಯ ಒಳಕೋಣೆಯಲ್ಲೇ ಮುಗಿಯುತ್ತಿತ್ತು. ಇವರು ಹಾಗಾಗಲು ಬಿಡಲಿಲ್ಲ. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಸೇರಿ ಓದು ಮುಂದುವರಿಸಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯವರ ಗೆಳೆತನವಾಯಿತು. ಮುಂದೆ ಅವರ ಸಹೋದರ, ಹೈದರಾಬಾದಿನ ಕವಿ ಹರೀಂದ್ರನಾಥರನ್ನು ಮದುವೆಯಾದರು. ವಿಧವಾ ವಿವಾಹ, ಅದೂ ಜಾತಿಯ ಹೊರಗೆ. ಸಂಪ್ರದಾಯಸ್ಥರು ಇದನ್ನು ಒಪ್ಪಲಿಲ್ಲ. ಇಂಥ ಹೆಣ್ಣುಮಗಳು ತನ್ನ ಊರಿಗೇ ಬಂದು ಮತ ಕೇಳುವುದೆಂದರೆ ಎಷ್ಟು ಧೈರ್ಯದ ಕೆಲಸವೆಂದು ಊಹಿಸಬಹುದು.

ಮತದ ಹಕ್ಕಿನ ಕಥೆ ಇದಕ್ಕಿಂತ ಸ್ವಲ್ಪ ಹಿಂದಿನದು. 1917ರಲ್ಲಿ ಅಡ್ಯಾರಿನಲ್ಲಿ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಹುಟ್ಟಿತು. ಐರ್ಲೆಂಡಿನಿಂದ ಬಂದಿದ್ದ ಮಾರ್ಗರೆಟ್ ಕಸಿನ್ಸ್ ಅದರ ಸ್ಥಾಪಕರಲ್ಲಿ ಒಬ್ಬರು. ಅದೇ ವರ್ಷದ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಮಹಿಳೆಯರ ನಿಯೋಗವೊಂದು ಮದ್ರಾಸಿನಲ್ಲಿ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡು ಮತದಾನದ ಹಕ್ಕು ಕೇಳಿತು. 1919ರ ಕಾಯಿದೆ ಈ ನಿರ್ಧಾರವನ್ನು ಪ್ರಾಂತೀಯ ಸಭೆಗಳಿಗೇ ಬಿಟ್ಟಿತು. 1921ರಲ್ಲಿ ಮದ್ರಾಸ್ ಸಭೆ ಮಹಿಳೆಯರಿಗೆ ಮತದ ಹಕ್ಕು ಕೊಟ್ಟಿತು. ಆದರೆ ಅದು ಮತ ಹಾಕುವ ಹಕ್ಕು ಮಾತ್ರ, ಸ್ಪರ್ಧಿಸುವ ಹಕ್ಕಲ್ಲ. ಆ ಬಾಗಿಲು ತೆರೆದದ್ದು 1926ರಲ್ಲಿ. ಬಾಗಿಲು ತೆರೆದ ಕೂಡಲೇ ಒಳಗೆ ಹೆಜ್ಜೆಯಿಡುವವರು ಬೇಕಲ್ಲ? ಹಿಂದೆ ಮಂಗಳೂರಿನ ರಾಷ್ಟ್ರೀಯ ಹೆಣ್ಣುಮಕ್ಕಳ ಶಾಲೆಯ ಮುಖ್ಯಸ್ಥೆಯಾಗಿದ್ದ ಮಾರ್ಗರೆಟ್ ಕಸಿನ್ಸ್ ಆ ಊರನ್ನು ಬಲ್ಲವರು. ಸ್ಪರ್ಧಿಸುವಂತೆ ಕಮಲಾದೇವಿಯವರನ್ನು ಹುರಿದುಂಬಿಸಿದವರು ಅವರೇ.

ಆಗಿನ ರಾಜಕೀಯದಲ್ಲಿ ಶಾಸನ ಸಭೆಗೆ ಹೋಗುವುದೇ ವಿವಾದದ ವಿಷಯ. ಅಸಹಕಾರ ಚಳವಳಿಯಲ್ಲಿ ಕಾಂಗ್ರೆಸ್ ಶಾಸನ ಸಭೆಗಳನ್ನು ಬಹಿಷ್ಕರಿಸಿತ್ತು. ಒಳಗೆ ಹೋಗಿ ಸರ್ಕಾರವನ್ನು ಎದುರಿಸೋಣ ಎಂದವರು ಸ್ವರಾಜ್ಯ ಪಕ್ಷ ಕಟ್ಟಿದರು. ಮದ್ರಾಸಿನಲ್ಲಿ ಆಗ ಅಧಿಕಾರದಲ್ಲಿದ್ದದ್ದು ಜಸ್ಟಿಸ್ ಪಕ್ಷ. ಕಮಲಾದೇವಿ ನಿಂತದ್ದು ಸ್ವತಂತ್ರ ಅಭ್ಯರ್ಥಿಯಾಗಿ. ಮನವಿ, ಮತ, ಮಸೂದೆ, ಕಾಯಿದೆ ಇವುಗಳ ಮೂಲಕ ಬದಲಾವಣೆ ತರುವ ಮಂದಗಾಮಿ ದಾರಿ ಅದು. ಮಹಿಳಾ ಸಂಘಟನೆಗಳು 1917ರಿಂದ ನಡೆದು ಬಂದದ್ದೂ ಅದೇ ದಾರಿಯಲ್ಲಿ. ಹೆಣ್ಣುಮಕ್ಕಳ ಶಿಕ್ಷಣ, ಮದುವೆಯ ವಯಸ್ಸು ಇವೆಲ್ಲ ಕಾನೂನಿನಿಂದಲೇ ಬಗೆಹರಿಯಬೇಕಾದ ಪ್ರಶ್ನೆಗಳಾಗಿದ್ದವು.

ಮತ ಕೇಳುವುದಾದರೂ ಯಾರ ಬಳಿ? ಆಗ ಎಲ್ಲರಿಗೂ ಮತವಿರಲಿಲ್ಲ. ಭೂಮಿ, ಕಂದಾಯ, ತೆರಿಗೆಯ ಲೆಕ್ಕದಲ್ಲಿ ಅರ್ಹತೆ ನಿಗದಿಯಾಗುತ್ತಿತ್ತು. ತಮ್ಮ ಹೆಸರಿನಲ್ಲಿ ಆಸ್ತಿ ಇದ್ದ ಹೆಂಗಸರು ಎಷ್ಟು ಮಂದಿ? ಅಳಿಯಸಂತಾನದ ತುಳುನಾಡಿನಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದು ಬಂದರೂ ವ್ಯವಹಾರ ಹೆಚ್ಚಾಗಿ ಯಜಮಾನನ ಕೈಯಲ್ಲೇ ಇರುತ್ತಿತ್ತು. ಹಾಗಾಗಿ ಕಮಲಾದೇವಿಯವರು ಮತ ಕೇಳಿದ್ದು ಬಹುಪಾಲು ಆಸ್ತಿವಂತ ಗಂಡಸರ ಬಳಿ. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನಗಳು. ಬೆನ್ನಿಗೆ ಪಕ್ಷವಿಲ್ಲ.

ಆದರೂ ಅವರು ಸೋತದ್ದು ತೀರ ಸಣ್ಣ ಅಂತರದಲ್ಲಿ. ಅದು 55 ಮತಗಳೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಹೆಣ್ಣು ನಿಂತರೆ ಯಾರು ಮತ ಹಾಕುತ್ತಾರೆ ಎಂಬ ಪ್ರಶ್ನೆಗೆ ಆಸ್ತಿವಂತ ಗಂಡಸರೇ ಕೊಟ್ಟ ಉತ್ತರ ಅದು. ಸೋಲಿನ ಲೆಕ್ಕದಲ್ಲಿ ಈ ಉತ್ತರ ಕಾಣುವುದಿಲ್ಲ.

ಅದೇ ಹೊತ್ತಿಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಮದ್ರಾಸ್ ಸಭೆಗೆ ನಾಮನಿರ್ದೇಶನಗೊಂಡರು; ಅದರ ಉಪಾಧ್ಯಕ್ಷೆಯೂ ಆದರು. ದೇವದಾಸಿ ಪದ್ಧತಿಯ ವಿರುದ್ಧ ಅವರು ಅಲ್ಲಿ ನಡೆಸಿದ ಹೋರಾಟ ದೊಡ್ಡದು. ನಾಮನಿರ್ದೇಶನದಿಂದ ಬಂದವರೂ ಎಷ್ಟು ಕೆಲಸ ಮಾಡಬಲ್ಲರೆಂದು ಅವರು ತೋರಿಸಿಕೊಟ್ಟರು. ಆದರೆ ಆ ಸ್ಥಾನ ಸರ್ಕಾರ ಕೊಡುವಂಥದ್ದು. ಜನರಿಂದ ಕೇಳಿ ಪಡೆಯುವ ಸ್ಥಾನ ಬೇರೆ. 1926ರಲ್ಲಿ ಮದ್ರಾಸ್ ಈ ಎರಡೂ ದಾರಿಗಳನ್ನು ಒಟ್ಟಿಗೇ ಕಂಡಿತು.

ಸೋತ ಮೇಲೆ ಕಮಲಾದೇವಿ ಸುಮ್ಮನಾಗಲಿಲ್ಲ. 1927ರ ಜನವರಿಯಲ್ಲಿ ಪುಣೆಯಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನೆಯಲ್ಲಿ ತೊಡಗಿಕೊಂಡರು. ಹುಡುಗಿಯರ ಮದುವೆಗೆ ಕನಿಷ್ಠ 14 ವರ್ಷ ನಿಗದಿ ಮಾಡಿದ 1929ರ ಶಾರದಾ ಕಾಯಿದೆಗೆ, 1932ರಲ್ಲಿ ದೆಹಲಿಯಲ್ಲಿ ಶುರುವಾದ ಲೇಡಿ ಇರ್ವಿನ್ ಕಾಲೇಜಿಗೆ ಬಲ ಕೊಟ್ಟದ್ದು ಈ ಸಂಸ್ಥೆ. 1930ರ ಹೊತ್ತಿಗೆ ಕಮಲಾದೇವಿಯವರು ಮಂದಗಾಮಿ ದಾರಿಯಿಂದ ಬಹಳ ಮುಂದೆ ಬಂದಿದ್ದರು. ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲು ಬೇಕೆಂದು ಗಾಂಧೀಜಿಯವರನ್ನೇ ಒಪ್ಪಿಸಿದರು. ಮುಂಬಯಿಯಲ್ಲಿ ಕಾನೂನು ಮುರಿದು ಉಪ್ಪು ಮಾರಿ ಜೈಲಿಗೆ ಹೋದರು.

ಮುಂದೆ 1935ರ ಕಾಯಿದೆ ಸುಮಾರು 60 ಲಕ್ಷ ಮಹಿಳೆಯರಿಗೆ ಮತದ ಹಕ್ಕು ಕೊಟ್ಟಿತು, ಪ್ರಾಂತೀಯ ಸಭೆಗಳಲ್ಲಿ ಕೆಲವು ಸ್ಥಾನಗಳನ್ನು ಮೀಸಲಿಟ್ಟಿತು. ಆಗಿನ ಪ್ರಮುಖ ಮಹಿಳಾ ಸಂಘಟನೆಗಳು ಆ ಮೀಸಲಾತಿಯನ್ನು ಬೇಡವೆಂದಿದ್ದವು. ವಯಸ್ಕರೆಲ್ಲರಿಗೂ ಮತ ಕೊಡಿ, ಸಮಾನವಾಗಿ ಸ್ಪರ್ಧಿಸುತ್ತೇವೆ ಎಂಬುದು ಅವರ ನಿಲುವು. ಆ ಆತ್ಮವಿಶ್ವಾಸ ದೊಡ್ಡದು. ಆದರೆ ಮುಂದೆ ನಡೆದದ್ದೇನು? 2023ರ ಚುನಾವಣೆಯಲ್ಲಿ ಕರ್ನಾಟಕದ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10 ಮಂದಿ. ದಕ್ಷಿಣ ಕನ್ನಡದ ಪುತ್ತೂರಿನಿಂದ ಹಿಂದೆ ಶಕುಂತಳಾ ಶೆಟ್ಟಿಯವರು, ಈಗ ಸುಳ್ಯದಿಂದ ಭಾಗೀರಥಿ ಮುರುಳ್ಯ ಅವರು ಗೆದ್ದು ಬಂದದ್ದು ಸಂತೋಷವೇ. ಆದರೂ ನೂರು ವರ್ಷಕ್ಕೆ ಇದು ಕಡಿಮೆ ಫಸಲು. ಶಾಸನ ಸಭೆಗಳಲ್ಲಿ ಮೂರನೇ ಒಂದು ಭಾಗ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡುವ ಸಂವಿಧಾನದ 106ನೆಯ ತಿದ್ದುಪಡಿ 2023ರಲ್ಲಿ ಅಂಗೀಕಾರವಾದದ್ದು ಇದೇ ಕಾರಣಕ್ಕೆ.

ಮೀಸಲಾತಿ ಸ್ಥಾನ ಕೊಡುತ್ತದೆ. ಅಲ್ಲಿ ನಿಲ್ಲುವವರನ್ನು ನಾವೇ ಬೆಳೆಸಬೇಕು. ದೊಡ್ಡ ಸಭೆಗಳ ಮಾತು ಹಾಗಿರಲಿ, ಹೊರನಾಡಿನ ನಮ್ಮ ಕನ್ನಡ ಸಂಘಗಳಲ್ಲೇ ನೋಡೋಣ. ಮಹಿಳಾ ವಿಭಾಗಕ್ಕೆ ಹೆಸರು ಸೂಚಿಸಿದರೆ ಸಂತೋಷದಿಂದ ಒಪ್ಪುತ್ತೇವೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಸ್ಥಾನಗಳಿಗೆ ಚುನಾವಣೆ ಬಂದಾಗ ನಮ್ಮಲ್ಲಿ ಎಷ್ಟು ಮಂದಿ ನಾಮಪತ್ರ ಹಾಕುತ್ತೇವೆ? ಸೋತರೆ ಏನಂದಾರೋ ಎಂದು ಹಿಂಜರಿಯುವ ಅಕ್ಕತಂಗಿಯರಿಗೆ ಹೇಳಲು ಮಂಗಳೂರಿನ ಈ ಕಥೆ ನಮ್ಮ ಬಳಿ ಇದೆ.