ಹಾಲಿನ ಆಡು ಸಾಕಣೆ (ಉತ್ತರ ಕನ್ನಡದ ಕರಾವಳಿ)

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಮನೆಖರ್ಚಿನ ಹಾಲಿಗಾಗಿ ಹಿತ್ತಲಲ್ಲಿ ಎರಡು ನಾಲ್ಕು ಆಡು ಸಾಕುವ ಕ್ರಮ. ಕರಾವಳಿಯಲ್ಲಿ ಆಡು ಮುಖ್ಯವಾಗಿ ಮಾಂಸದ ಪ್ರಾಣಿ. ಹಾಲು ಜೊತೆಗೆ ಸಿಗುವ ಲಾಭ. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ತೇವ ತಡೆಯದ ಈ ಪ್ರಾಣಿಗೆ ಇಲ್ಲಿ ತಳಿ, ಮೇವುಗಳಿಗಿಂತ ಒಣ ಕೊಟ್ಟಿಗೆಯೇ ಮುಖ್ಯ.

ತಳಿಗಳು
ಕರ್ನಾಟಕದ ನಂದಿದುರ್ಗ, ಬೀದರಿ ತಳಿಗಳು ಒಳನಾಡಿನವು. ಹಾಲಿಗೆ ಹೆಸರಾದ ಉತ್ತರ ಪ್ರದೇಶದ ಜಮುನಾಪಾರಿ, ಪಂಜಾಬಿನ ಬೀಟಲ್ ಕೂಡ ಕಡಿಮೆ ಮಳೆಯ ನಾಡಿನವು. ಹವೆಯ ದೃಷ್ಟಿಯಿಂದ ಉತ್ತರ ಕೇರಳದ ಮಲಬಾರಿ ಹೆಚ್ಚು ಹೊಂದುತ್ತದೆ. ಅವಳಿ ಮರಿ ಹಾಕುವುದು ಇದರಲ್ಲಿ ಸಾಮಾನ್ಯ. ದಿನಕ್ಕೆ ಸುಮಾರು ಒಂದು ಲೀಟರ್ ಹಾಲು ಸಿಗುತ್ತದೆ. ಸಿಂಧುದುರ್ಗದ ಕೊಂಕಣ ಕನ್ಯಾಳ ಮಳೆ ತಾಳುವ ತಳಿಯಾದರೂ ಮಾಂಸಕ್ಕೇ ಹೆಚ್ಚು ಬಳಕೆ.

ಕೊಟ್ಟಿಗೆ
ನೆಲದಿಂದ 3–4 ಅಡಿ ಎತ್ತರದ ಅಟ್ಟ ಇಲ್ಲಿಗೆ ತಕ್ಕದ್ದು. ಅಡಿಕೆ ದಬ್ಬೆಗಳನ್ನು ಒಂದೂವರೆ ಸೆಂ.ಮೀ.ನಷ್ಟು ಸಂದು ಬಿಟ್ಟು ಹೊಡೆದರೆ ಹಿಕ್ಕೆ, ಗಂಜಲ ಕೆಳಗೆ ಬೀಳುತ್ತವೆ, ಗೊರಸು ಸಿಕ್ಕಿಕೊಳ್ಳುವುದಿಲ್ಲ. ಸಂದು ದೊಡ್ಡದಾದರೆ ಮರಿಗಳ ಕಾಲು ಮುರಿಯುತ್ತದೆ. ಮಳೆಗಾಲದಲ್ಲಿ ಇರಚಲು ಹೊಡೆಯುವ ಬದಿಗೆ ಮಡಲಿನ ತಟ್ಟಿ ಕಟ್ಟಿ, ಮೇಲ್ಭಾಗದಲ್ಲಿ ಗಾಳಿಯಾಡಲು ಬಿಡಬೇಕು. ಗಾಳಿ ನಿಂತರೆ ಗಂಜಲದ ಘಾಟಿಗೆ ಶ್ವಾಸಕೋಶದ ರೋಗ ತಗಲುತ್ತದೆ. ಹೋತವನ್ನು ದೂರ ಕಟ್ಟದಿದ್ದರೆ ಅದರ ವಾಸನೆ ಹಾಲಿಗೆ ಹಿಡಿಯುತ್ತದೆ.

ಮೇವು
ಬೆಳೆದ ಆಡಿಗೆ ದಿನಕ್ಕೆ 4–5 ಕೆ.ಜಿ. ಹಸಿ ಸೊಪ್ಪು ಬೇಕು. ಹಲಸು, ಗ್ಲಿರಿಸೀಡಿಯಾ, ಅಗಸೆ, ದಾಸವಾಳ ಬೇಲಿಯಲ್ಲೇ ಸಿಗುತ್ತವೆ. ಸೊಪ್ಪನ್ನು ಕಟ್ಟು ಕಟ್ಟಿ ತಲೆಯೆತ್ತರಕ್ಕೆ ತೂಗುಹಾಕಬೇಕು. ತುಳಿದ ಮೇವನ್ನು ಆಡು ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಸೊಪ್ಪಿನ ನೀರು ಆರಿದ ಮೇಲೆ ಕೊಡಬೇಕು. ಮರಗೆಣಸಿನ ಹಸಿ ಎಲೆಯಲ್ಲಿ ಸಯನೈಡ್ ಅಂಶವಿರುವುದರಿಂದ ಅಪಾಯ. ಅಡಿಕೆ, ತೆಂಗಿನ ಎಳೆಸಸಿಗಳಿರುವ ತೋಟದಲ್ಲಿ ಆಡನ್ನು ಬಿಚ್ಚಿ ಬಿಡುವಂತಿಲ್ಲ.

ಮರಿ ಮತ್ತು ಹಾಲು
ಗರ್ಭದ ಅವಧಿ ಸುಮಾರು 150 ದಿನ. ಹುಟ್ಟಿದ ಮರಿಗೆ ಮೊದಲ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು. ಮುಂದಿನ ಮರಿ ಹಾಕುವ ಎರಡು ತಿಂಗಳ ಮೊದಲು ಕರೆಯುವುದನ್ನು ನಿಲ್ಲಿಸುತ್ತಾರೆ. ಬ್ರುಸೆಲ್ಲಾ ಸೋಂಕಿನ ಭಯವಿರುವುದರಿಂದ ಹಾಲನ್ನು ಕಾಯಿಸದೆ ಕುಡಿಯಬಾರದು.

ರೋಗಗಳು
ಪಿಪಿಆರ್ ಮಾರಕ ವೈರಸ್ ರೋಗ. ಭಾರತದಲ್ಲಿ ಇದು ಮೊದಲು 1987ರಲ್ಲಿ ತಮಿಳುನಾಡಿನಲ್ಲಿ ಕಂಡಿತು. ಇದಕ್ಕೂ ಕರುಳು ಬೇನೆಗೂ ಲಸಿಕೆಯಿದೆ. ಕರುಳು ಬೇನೆಯ ಲಸಿಕೆಯನ್ನು ಮಳೆಗಾಲಕ್ಕೆ ಮುಂಚೆಯೇ ಹಾಕಿಸಬೇಕು. ಜಂತುಹುಳು, ಗೊರಸು ಕೊಳೆತ ಮಳೆಗಾಲದ ನಿತ್ಯ ತೊಂದರೆಗಳು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹೊನ್ನಾವರ ತಾಲೂಕಿನಲ್ಲೂ ಕಂಡಿದೆ. ಅದನ್ನು ಹರಡುವ ಉಣ್ಣೆಗಳು ಕಾಡಿನಲ್ಲಿರುವುದರಿಂದ ಕಟ್ಟಿ ಮೇಯಿಸುವುದು ಮನೆಯವರಿಗೂ ಕ್ಷೇಮ.

ಆದಾಯ
ಹೆಣ್ಣುಮರಿ ಹಟ್ಟಿಗೆ, ಗಂಡುಮರಿ ಮಾರಾಟಕ್ಕೆ ಎಂಬುದು ರೂಢಿ. ಬಕ್ರೀದ್ ಹೊತ್ತಿಗೆ ಭಟ್ಕಳದಲ್ಲಿ ಗಂಡಾಡಿಗೆ ಬೇಡಿಕೆ ಏರುತ್ತದೆ. ಅಟ್ಟದ ಕೆಳಗಿನ ಹಿಕ್ಕೆಗೊಬ್ಬರ ತೆಂಗಿನ ಬುಡಕ್ಕೂ ಮಲ್ಲಿಗೆ ಗಿಡಕ್ಕೂ ಆಗುತ್ತದೆ.